ಹಳದಿ ದೀಪ ಆರಿಸಿದವನು

ಬೆಳಿಗ್ಗೆ ಗ್ಯಾರೇಜಿನ ಷಟರ್ ಎತ್ತಿ, ನೆಲದ ಆಯಿಲ್ ಕಲೆಗೆ ಮರದ ಹೊಟ್ಟು ಚೆಲ್ಲಿ, ಇನ್ನೂ ಪೊರಕೆ ಕೈಯಲ್ಲಿರುವಾಗಲೇ ಬೂದು ಬಣ್ಣದ ಕಾರೊಂದು ತೆವಳಿಕೊಂಡು ಬಂದು ಬಾಗಿಲಲ್ಲಿ ನಿಂತಿತು. ಒಳಗಿನಿಂದ ಇಳಿದವನು ಸಾಹುಕಾರ. ಎರಡು ಬೀದಿ ಆಚೆ ಅವನದು ಹಳೆಯ ಕಾರು ಕೊಂಡು ಮಾರುವ ಅಂಗಡಿ. ಗಾಡಿಗಳನ್ನು ತೊಳೆದು, ಟೈರಿಗೆ ಕಪ್ಪು ಬಳಿದು, ಮದುವೆ ಗಂಡಿನ ಹಾಗೆ ಸಾಲಾಗಿ ನಿಲ್ಲಿಸುತ್ತಿದ್ದ.

"ಡಾಕ್ಟ್ರೇ, ಪೇಷಂಟ್ ಕರ್ಕೊಂಡು ಬಂದಿದೀನಿ ನೋಡಿ."

ಮೆಕ್ಯಾನಿಕ್ಕನನ್ನು ಆ ಬಡಾವಣೆಯಲ್ಲಿ ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಬಾನೆಟ್ ತೆರೆಯುವ ಮೊದಲೇ ಎಂಜಿನ್ನಿನ ಸದ್ದು ಕೇಳಿ ಇಂಥದ್ದೇ ಕಾಯಿಲೆ ಎಂದು ಹೇಳಿಬಿಡುತ್ತಿದ್ದ. ಇಪ್ಪತ್ತಾರು ವರ್ಷದಿಂದ ಇದೇ ಕಸುಬು. ಕಾರುಗಳಿಗೆ ಕಂಪ್ಯೂಟರ್ ಬಂದಾಗ ಅವನ ಓರಗೆಯವರು ಸ್ಪ್ಯಾನರ್ ಕೆಳಗಿಟ್ಟು ಬೇರೆ ಕೆಲಸ ಹುಡುಕಿಕೊಂಡರು. ಅವನು ಸ್ಕ್ಯಾನರ್ ಕೊಂಡು, ದಪ್ಪ ದಪ್ಪ ಪುಸ್ತಕ ಓದಿ ಕಲಿತ. ಆ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

"ಏನಂತೆ?"

"ಜೀವ ಇಲ್ಲ ಮಾರಾಯ. ಚೆನ್ನಾಗಿ ಓಡ್ತಾ ಓಡ್ತಾ ಇದ್ದಕ್ಕಿದ್ದ ಹಾಗೆ ಉಸಿರು ಬಿಡುತ್ತೆ. ಆಕ್ಸಿಲರೇಟರ್ ತುಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಳದಿ ದೀಪ ಬೇರೆ ಹತ್ಕೊಂಡಿದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹುಲಿ."

ಡಾಕ್ಟರ್ ಸ್ಟೀರಿಂಗ್ ಕೆಳಗೆ ಕೈಹಾಕಿ ಸ್ಕ್ಯಾನರಿನ ವೈರು ಸಿಕ್ಕಿಸಿದ. ಪರದೆಯ ಮೇಲೆ ದೋಷದ ಕೋಡ್ ಮೂಡಿತು. ಎಂಜಿನ್ನಿಗೆ ಗಾಳಿ ಬಿಡುವ ಸಣ್ಣದೊಂದು ಬಾಗಿಲಿರುತ್ತದೆ, ಥ್ರಾಟಲ್ ಎನ್ನುತ್ತಾರೆ. ಆ ಬಾಗಿಲು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ಹೇಳಲು ಎರಡು ಸೆನ್ಸರ್. ಎರಡೂ ಒಂದೇ ಮಾತು ಹೇಳುತ್ತಿರುವ ತನಕ ತಕರಾರಿಲ್ಲ. ಒಂದು ಹೀಗೆ, ಇನ್ನೊಂದು ಹಾಗೆ ಎಂದರೆ ಕಂಪ್ಯೂಟರ್ ಇಬ್ಬರನ್ನೂ ನಂಬುವುದಿಲ್ಲ. ಬಾಗಿಲನ್ನು ಹೆಚ್ಚುಕಮ್ಮಿ ಮುಚ್ಚಿ, ಎಂಜಿನ್ನಿನ ಶಕ್ತಿ ಕಿತ್ತುಕೊಂಡು, ಗಾಡಿಯನ್ನು ಮನುಷ್ಯ ನಡೆಯುವ ವೇಗದಲ್ಲಿ ತೆವಳುವಂತೆ ಮಾಡುತ್ತದೆ.

ಕೋಡ್ ನೋಡಿದ ಮಾತ್ರಕ್ಕೆ ಸಾಮಾನು ಬದಲಿಸುವ ಜಾತಿಯವನಲ್ಲ ಅವನು. ವೈರಿನ ತುದಿ ಬಿಚ್ಚಿ ನೋಡಿದ. ತುಕ್ಕಿರಲಿಲ್ಲ. ಒರೆಸಿ ಮತ್ತೆ ಹಾಕಿದ. ವೈರನ್ನು ಅಲ್ಲಾಡಿಸಿದ, ಬ್ಯಾಟರಿ ಅಳೆದ. ಆಮೇಲೆ ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತುತ್ತಾ ಪರದೆಯ ಮೇಲಿನ ಎರಡು ಗೆರೆಗಳನ್ನು ನೋಡಿದ. ಎರಡೂ ಜೊತೆಜೊತೆಗೆ ಏರಿದವು. ಅರ್ಧ ದಾರಿಯಲ್ಲಿ ಒಂದು ಗೆರೆ ಒಮ್ಮೆಗೇ ಕುಸಿದು ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿದ. ಅದೇ ಜಾಗದಲ್ಲಿ ಅದೇ ಕುಸಿತ.

"ಸೆನ್ಸರ್ ಒಳಗೇ ಸವೆದು ಹೋಗಿದೆ. ಥ್ರಾಟಲ್ ಪೂರ್ತಿ ಬದಲಾಯಿಸಬೇಕು. ಸಾಮಾನು ತರಿಸೋಕೆ ನಾಲ್ಕು ದಿನ ಬೇಕು."

"ನಾಲ್ಕು ದಿನ ಎಲ್ಲಿಂದ ತರ್ಲಿ? ಮಧ್ಯಾಹ್ನ ಪಾರ್ಟಿ ಬರ್ತಾ ಇದೆ." ಸಾಹುಕಾರ ಗಡಿಯಾರ ನೋಡಿಕೊಂಡ. "ದೀಪ ಆರಿಸಿಬಿಡು ಸಾಕು."

ದೀಪ ಆರಿಸುವುದು ಎಂದರೆ ಸ್ಕ್ಯಾನರಿನಲ್ಲಿ ಒಂದು ಗುಂಡಿ ಒತ್ತುವುದು. ಕೋಡ್ ಅಳಿಸಿಹೋಗುತ್ತದೆ, ಹಳದಿ ದೀಪ ಆರುತ್ತದೆ. ರೋಗ ಇದ್ದಲ್ಲೇ ಇರುತ್ತದೆ. ವಾರಕ್ಕೊಂದೆರಡು ಗಾಡಿಗೆ ಅವನು ಈ ಕೆಲಸ ಮಾಡಿಕೊಡುತ್ತಿದ್ದ. ಮೊದಮೊದಲು ಮನಸ್ಸು ಚುರ್ ಎನ್ನುತ್ತಿತ್ತು. ಈಚೆಗೆ ಅದೂ ಇರಲಿಲ್ಲ. ಹೇಗೂ ನಾಲ್ಕು ದಿನಕ್ಕೆ ದೀಪ ಮತ್ತೆ ಹತ್ತುತ್ತದೆ, ಕೊಂಡವರು ಯಾರೋ ಒಬ್ಬ ಮೆಕ್ಯಾನಿಕ್ಕನ ಬಳಿ ಒಯ್ಯುತ್ತಾರೆ, ಅಷ್ಟರಲ್ಲೇನು ಮುಳುಗಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುವುದು ರೂಢಿಯಾಗಿತ್ತು.

ಅಂದೂ ಅದನ್ನೇ ಹೇಳಿಕೊಂಡು ಗುಂಡಿ ಒತ್ತಿದ.

ಮಧ್ಯಾಹ್ನ ಪಾರ್ಟಿ ಬಂತು. ಪಾರ್ಟಿ ಎಂದರೆ ಒಬ್ಬ ನರ್ಸ್, ಜೊತೆಗೆ ಅವಳ ನಾದಿನಿ. ನರ್ಸಿಗೆ ಮೂವತ್ತು ದಾಟಿರಬಹುದು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಟ್ಟು ಗಾಯ ಕಟ್ಟುವ ಕೆಲಸ, ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ನಾದಿನಿ ಇನ್ನೂ ಚಿಕ್ಕವಳು. ಕಾರಿನ ಸುತ್ತ ಎರಡು ಸುತ್ತು ಹಾಕಿ, ಮುಂದಿನ ಸೀಟಿನಲ್ಲಿ ಕೂತು, "ಅತ್ತಿಗೆ, ಇದೇ ಇರಲಿ. ನನ್ನನ್ನ ದಿನಾ ಕೆಲಸಕ್ಕೆ ಪ್ರೆಸ್ಸಿಗೆ ಬಿಟ್ಟು ಹೋಗೋ ಷರತ್ತಿನ ಮೇಲೆ ಒಪ್ಪಿಗೆ ಕೊಡ್ತಾ ಇದೀನಿ," ಎಂದು ನಕ್ಕಳು.

ನರ್ಸ್ ಮಾತ್ರ ಅನುಮಾನದ ಸ್ವಭಾವದವಳು. ಒಂದು ಸುತ್ತು ಓಡಿಸಿ ನೋಡಿದ ಮೇಲೆ ಕಾರನ್ನು ನೇರ ಗ್ಯಾರೇಜಿಗೇ ತಂದಳು. ಸಾಹುಕಾರ ಹಿಂದೆಯೇ ಬಂದ.

"ಅಣ್ಣ, ಇವರು ನಿಮ್ಮ ಹೆಸರು ಹೇಳಿದರು. ಗಾಡಿ ನೀವೇ ನೋಡ್ತೀರಂತೆ. ನನಗೆ ಎಂಜಿನ್ ಗಿಂಜಿನ್ ಗೊತ್ತಾಗಲ್ಲ. ಎಲ್ಲಾ ಸರಿ ಇದೆಯಾ?"

ಡಾಕ್ಟರ್ ಕೈಗೆ ಅಂಟಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ. ಅವಳ ಮುಖ ನೋಡಲಿಲ್ಲ.

"ಎಂಜಿನ್ ಗಟ್ಟಿ ಇದೆ ತಾಯಿ."

ಅದು ಸುಳ್ಳಾಗಿರಲಿಲ್ಲ. ಎಂಜಿನ್ ಗಟ್ಟಿಯಾಗಿಯೇ ಇತ್ತು.

*

ಹತ್ತೊಂಬತ್ತು ದಿನ ಕಳೆದ ಮೇಲೆ ಕ್ರೇನಿನ ಲಾರಿಯೊಂದು ನಜ್ಜುಗುಜ್ಜಾದ ಕಾರನ್ನು ಎಳೆದು ತಂದು ಗ್ಯಾರೇಜಿನ ಹಿತ್ತಲಲ್ಲಿ ಇಳಿಸಿತು. ಎಡಗಡೆಯ ಬಾಗಿಲೆರಡೂ ಸೀಟಿನ ತನಕ ಒಳಗೆ ಹೋಗಿದ್ದವು. ಬೂದು ಬಣ್ಣ ನೋಡಿಯೇ ಡಾಕ್ಟರಿಗೆ ಗುರುತು ಸಿಕ್ಕಿತು. ಆದರೂ ನಂಬರ್ ಪ್ಲೇಟಿನ ಬಳಿ ಬಗ್ಗಿ ನೋಡಿದ. ಎರಡು ಸಲ ನೋಡಿದ.

ಜೊತೆಗೆ ಬಂದಿದ್ದ ಪೇದೆ ನೀರು ಕೇಳಿ ಕುಡಿದು, ಸ್ಟೂಲಿನ ಮೇಲೆ ಕೂತು ಕಥೆ ಹೇಳಿದ.

"ಹೋದ ವಾರ ಒಳರಸ್ತೆಯಿಂದ ಹೆದ್ದಾರಿ ದಾಟ್ತಾ ಇದ್ದಳಂತೆ. ಲಾರಿ ಇನ್ನೂ ದೂರ ಇತ್ತು, ಆರಾಮಾಗಿ ದಾಟಬಹುದಿತ್ತು. ಮಧ್ಯ ಬಂದವಳು ಗಕ್ಕನೆ ನಿಧಾನ ಮಾಡಿದಳು ಅಂತಾನೆ ಲಾರಿಯವನು. ಅವನು ಬ್ರೇಕ್ ಹಾಕಿದ್ದಾನೆ, ರಸ್ತೆ ಮೇಲೆ ಟೈರಿನ ಗುರುತಿದೆ. ಆದರೆ ನಿಲ್ಲಬೇಕಲ್ಲ? ಪಕ್ಕದಲ್ಲಿ ಕೂತಿದ್ದ ಹುಡುಗಿ ಅಲ್ಲೇ ಹೋದಳು. ಇವಳಿಗೆ ಕೈ ಮುರಿದಿದೆ, ಅಷ್ಟೇ."

"ಹುಡುಗಿ ಅಂದರೆ?"

"ಗಂಡನ ತಂಗಿ. ಹೊಸದಾಗಿ ಗಾಡಿ ಕಲಿತವರು ನೋಡಿ, ಗಾಬರಿಗೆ ಬ್ರೇಕ್ ಯಾವುದು ಆಕ್ಸಿಲರೇಟರ್ ಯಾವುದು ತಿಳಿಯಲ್ಲ. ಕೇಸು ಅವಳ ಮೇಲೇ ಆಗಿದೆ." ಪೇದೆ ಜೇಬಿನಿಂದ ಮಡಚಿದ ಕಾಗದ ತೆಗೆದುಕೊಟ್ಟ. "ಸಾಹೇಬರು ನಿಮ್ಮ ವರದಿ ಕೇಳಿದ್ದಾರೆ. ಬ್ರೇಕು, ಸ್ಟೀರಿಂಗು ನೋಡಿ. ಗಾಡಿಯಲ್ಲಿ ದೋಷ ಇತ್ತಾ ಇಲ್ಲವಾ ಅಂತ ಬರೆದು ಕೊಟ್ಟುಬಿಡಿ. ಎರಡು ದಿನ ಟೈಮಿದೆ."

ಪೇದೆ ಹೋದ. ಸ್ಕ್ಯಾನರ್ ಮೇಜಿನ ಮೇಲೇ ಇತ್ತು. ಡಾಕ್ಟರ್ ಅದನ್ನು ಬಿಟ್ಟು ಟಾರ್ಚ್ ಎತ್ತಿಕೊಂಡ. ಬ್ರೇಕ್ ನೋಡಿದ, ಸರಿಯಿತ್ತು. ಸ್ಟೀರಿಂಗ್ ನೋಡಿದ, ಸರಿಯಿತ್ತು. ನೋಡಬೇಕಾದದ್ದು ಇನ್ನೊಂದೇ ಉಳಿದಿತ್ತು.

ಕಾರಿನ ಬ್ಯಾಟರಿ ಒಡೆದಿತ್ತು. ಬೇರೆ ಬ್ಯಾಟರಿ ತಂದು ಜೋಡಿಸಿ, ಚೂರುಚೂರಾದ ಗಾಜನ್ನು ಸೀಟಿನಿಂದ ಗುಡಿಸಿ ಕೂತು ವೈರು ಸಿಕ್ಕಿಸಿದ. ಕೀ ತಿರುಗಿಸಿದ. ಮುಂದಿನ ಫಲಕದಲ್ಲಿದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಬ್ಯಾಟರಿ ಹೋದರೂ ಆ ಕಾರಿನ ಕಂಪ್ಯೂಟರ್ ಏನನ್ನೂ ಮರೆತಿರಲಿಲ್ಲ. ಅದೇ ಕೋಡ್, ಅಪಘಾತದ ದಿನವೇ ಮತ್ತೆ ಬಿದ್ದದ್ದು. ಅದರ ಕೆಳಗೆ ಇನ್ನೊಂದು ಸಾಲು: ಕೋಡ್ ಅಳಿಸಿದ ನಂತರ ಓಡಿದ ದೂರ, ಮುನ್ನೂರ ಹನ್ನೆರಡು ಕಿಲೋಮೀಟರ್.

ಕೋಡ್ ಬಿದ್ದ ಗಳಿಗೆಯಲ್ಲಿ ಗಾಡಿ ಹೇಗಿತ್ತು ಎಂಬುದನ್ನು ಕಂಪ್ಯೂಟರ್ ಒಂದು ಫೋಟೋ ತೆಗೆದಂತೆ ಬರೆದಿಟ್ಟುಕೊಳ್ಳುತ್ತದೆ. ಅದನ್ನೂ ತೆರೆದ. ವೇಗ, ಇಪ್ಪತ್ತೊಂದು. ಬ್ರೇಕ್, ಒತ್ತಿಲ್ಲ. ಆಕ್ಸಿಲರೇಟರ್ ಪೆಡಲ್, ನೂರಕ್ಕೆ ತೊಂಬತ್ತನಾಲ್ಕು. ಥ್ರಾಟಲ್, ನೂರಕ್ಕೆ ಏಳು.

ಅವಳು ತುಳಿದಿದ್ದಳು. ನೆಲ ಮುಟ್ಟುವಂತೆ ತುಳಿದಿದ್ದಳು. ಗಾಡಿ ಮುಂದೆ ಹೋಗಿರಲಿಲ್ಲ.

ಡಾಕ್ಟರ್ ಕೀ ಹಿಂದಕ್ಕೆ ತಿರುಗಿಸಿದ. ದೀಪಗಳೆಲ್ಲ ಆರಿದವು.

*

ಸಾಹುಕಾರನಿಗೆ ಸುದ್ದಿ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಬಂದವನು ಎಂದಿನಂತೆ ಬಾಗಿಲಲ್ಲಿ ಕೂಗಲಿಲ್ಲ. ಒಳಗೆ ಬಂದು ಷಟರನ್ನು ಅರ್ಧ ಎಳೆದ.

"ನೋಡಿದೆಯಾ?"

"ನೋಡಿದೆ."

"ಅದೇನಾ?"

"ಅದೇ."

ಸಾಹುಕಾರ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಅವನ ಮುಖವೂ ಬಾಡಿತ್ತು. ಕೆಟ್ಟ ಮನುಷ್ಯ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥವನಲ್ಲ. ಡಾಕ್ಟರನ ಹೆಂಡತಿಗೆ ಆಪರೇಷನ್ ಆದಾಗ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವನು ಇವನೇ.

"ನಿದ್ದೆ ಬಂದಿಲ್ಲ ಕಣೋ ನನಗೆ," ಎಂದ. "ಆ ಹುಡುಗಿ ನಗ್ತಾ ನಗ್ತಾ ಸೀಟಲ್ಲಿ ಕೂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಹೋದವಳು ಬರ್ತಾಳಾ? ನೀನು ಬರೆದರೆ ಬರ್ತಾಳಾ?"

"ಇಲ್ಲ."

"ಮತ್ತೆ? ಬರೆದರೆ ನಾನು ಒಬ್ಬನೇ ಒಳಗೆ ಹೋಗಲ್ಲ. ಗುಂಡಿ ಒತ್ತಿದವನು ನೀನು. ಗಾಡಿ ಗಟ್ಟಿ ಇದೆ ಅಂತ ಅವಳಿಗೆ ಹೇಳಿದವನೂ ನೀನೇ. ನನ್ನ ಅಂಗಡಿ ಮುಚ್ಚುತ್ತೆ, ನಿನ್ನ ಗ್ಯಾರೇಜೂ ಮುಚ್ಚುತ್ತೆ. ಊರಲ್ಲಿ ದೀಪ ಆರಿಸದೇ ಇರೋ ಮೆಕ್ಯಾನಿಕ್ ಒಬ್ಬನನ್ನ ತೋರಿಸು ನೋಡೋಣ. ಎಲ್ಲರೂ ಮಾಡೋ ಕೆಲಸಕ್ಕೆ ನಾವಿಬ್ಬರೇ ಯಾಕೆ ತಲೆ ಕೊಡಬೇಕು?"

"ಅವಳ ಮೇಲೆ ಕೇಸಾಗಿದೆ."

"ಲೈಸೆನ್ಸ್ ಹೋಗುತ್ತೆ. ದಂಡ ಹಾಕ್ತಾರೆ. ಅದನ್ನ ನಾನು ಹೇಗಾದರೂ ನೋಡ್ಕೋತೀನಿ, ಅವಳಿಗೆ ಗೊತ್ತಾಗದ ಹಾಗೆ ಸಹಾಯ ಮಾಡೋಣ." ಸಾಹುಕಾರ ಸ್ವರ ತಗ್ಗಿಸಿದ. "ಇನ್ನೊಂದು ಸಲ ಒತ್ತಿಬಿಡು. ಒಂದೇ ಒಂದು ಗುಂಡಿ. ಆಮೇಲೆ ಯಾವ ಕಂಪ್ಯೂಟರೂ ಏನೂ ಹೇಳಲ್ಲ."

ಡಾಕ್ಟರ್ ಮೇಜಿನ ಮೇಲಿದ್ದ ಸ್ಕ್ಯಾನರನ್ನು ಕೈಗೆತ್ತಿಕೊಂಡ. ಸಾಹುಕಾರ ಅದನ್ನು ಒಪ್ಪಿಗೆ ಎಂದುಕೊಂಡನೋ ಏನೋ, ಭುಜ ತಟ್ಟಿ ಹೊರಟುಹೋದ.

ಮಧ್ಯಾಹ್ನ ನರ್ಸಿನ ಗಂಡ ಬಂದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತೆಳ್ಳನೆಯ ಮನುಷ್ಯ, ಗಡ್ಡ ಬೆಳೆದಿತ್ತು. ಕಾರಿನಲ್ಲಿದ್ದ ಸಾಮಾನು ತೆಗೆದುಕೊಂಡು ಹೋಗಲು ಪೊಲೀಸರ ಚೀಟಿ ತಂದಿದ್ದ. ಡಾಕ್ಟರ್ ಕಬ್ಬಿಣದ ಸಲಾಕೆ ಹಾಕಿ ಬಾಗಿಲು ಮೀಟಿಕೊಟ್ಟ. ಊಟದ ಡಬ್ಬಿ ಸಿಕ್ಕಿತು. ಒಂದು ಕೊಡೆ. ಸೀಟಿನ ಕೆಳಗೆ ಸಿಕ್ಕಿಕೊಂಡಿದ್ದ ಒಂದು ಚಪ್ಪಲಿ. ಇನ್ನೊಂದಕ್ಕಾಗಿ ಆ ಮನುಷ್ಯ ಬಹಳ ಹೊತ್ತು ಹುಡುಕಿದ. ಸಿಗಲಿಲ್ಲ.

"ನಿಮ್ಮ ಮನೆಯವರು ಹೇಗಿದ್ದಾರೆ?" ಡಾಕ್ಟರ್ ಕೇಳಿದ. ಕೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಗಂಡ ಚಪ್ಪಲಿಯ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಮೊದಲು, ತುಳಿದೆ, ತುಳಿದೆ, ಗಾಡಿ ಹೋಗಲಿಲ್ಲ ಅಂತ ಒಂದೇ ಸಮನೆ ಹೇಳ್ತಾ ಇದ್ದಳು. ಸ್ಟೇಷನ್ನಿನಲ್ಲಿ ನಂಬಲಿಲ್ಲ. ನಮ್ಮಮ್ಮ, ನಿನ್ನ ಕಾಲೇ ನನ್ನ ಮಗಳನ್ನ ತಿಂದಿದ್ದು ಅಂದುಬಿಟ್ಟರು. ನಾನೂ..." ಅವನು ಒರೆಸುವುದನ್ನು ನಿಲ್ಲಿಸಿದ. "ನಾನೂ, ನೆನಪು ಮಾಡ್ಕೋ, ಬ್ರೇಕ್ ತುಳಿದೆಯೇನೋ ಅಂತ ಕೇಳಿದೆ. ಈಗ ಅವಳಿಗೇ ಗೊತ್ತಾಗ್ತಾ ಇಲ್ಲ. ಕುರ್ಚಿ ಮೇಲೆ ಕೂತು ನೆಲದ ಮೇಲೆ ಬಲಗಾಲು ಒತ್ತಿ ಒತ್ತಿ ನೋಡ್ತಾಳೆ. ಎತ್ತುತ್ತಾಳೆ, ಒತ್ತುತ್ತಾಳೆ. ದಿನವಿಡೀ ಅದೇ. ನಿನ್ನೆ ಅಮ್ಮನ ಹತ್ತಿರ ಹೋಗಿ, ನೀವು ಹೇಳಿದ್ದೇ ನಿಜ ಇರಬೇಕು ಅತ್ತೆ ಅಂದಳು."

ಅವನು ಡಬ್ಬಿ, ಕೊಡೆ, ಚಪ್ಪಲಿ ಮೂರನ್ನೂ ಚೀಲಕ್ಕೆ ಹಾಕಿಕೊಂಡ.

"ಗಾಡಿಯಲ್ಲಿ ಏನಾದರೂ ದೋಷ ಇತ್ತಾ ಅಣ್ಣ?"

ಡಾಕ್ಟರ್ ಬಗ್ಗಿ ಸಲಾಕೆ ಎತ್ತಿಕೊಂಡ.

"ಇನ್ನೂ ನೋಡ್ತಾ ಇದೀನಿ," ಎಂದ.

*

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತವನು ಅನ್ನ ಕಲಸಿದ, ತುತ್ತು ಎತ್ತಲಿಲ್ಲ. ಹೆಂಡತಿ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟ. ಅವಳು ಮೊದಲು ಕೇಳಿದ್ದು, "ನಿಮ್ಮನ್ನ ಒಳಗೆ ಹಾಕ್ತಾರಾ?"

"ಹಾಕಬಹುದು."

"ಬರೀದೇ ಇದ್ದರೆ?"

"ಯಾರಿಗೂ ಗೊತ್ತಾಗಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬರೀಬೇಡಿ ಅಂತ ಹೇಳೋಕೆ ಬಾಯಿ ಬರ್ತಾ ಇಲ್ಲ. ಬರೀರಿ ಅನ್ನೋಕೂ ಧೈರ್ಯ ಇಲ್ಲ. ನನ್ನನ್ನ ಕೇಳಬೇಡಿ ಇವರೇ." ತಟ್ಟೆಗೆ ಕೈ ಚಾಚಿ, "ಆ ಹೆಣ್ಣುಮಗಳು ಅದೇ ಅತ್ತೆ ಜೊತೆ ಅದೇ ಮನೇಲಿ ಎಷ್ಟು ವರ್ಷ ಇರಬೇಕು ಅಲ್ವಾ?" ಎಂದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಡಾಕ್ಟರ್ ಗ್ಯಾರೇಜಿಗೆ ಎಂದಿಗಿಂತ ಬೇಗ ಹೋದ. ಸ್ಕ್ಯಾನರ್ ಹಿಡಿದು ಕಾರಿನಲ್ಲಿ ಕೂತ. ಪರದೆಯ ಮೇಲೆ ಆ ಅಂಕಿಗಳು, ಅದರ ಕೆಳಗೆ ಅಳಿಸುವ ಗುಂಡಿ. ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಇಪ್ಪತ್ತಾರು ವರ್ಷದ ಕಸುಬು, ಹೆಂಡತಿಯ ಮಾತ್ರೆ, ಸಾಹುಕಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದು, ಒಂದೊಂದೂ ಬಂದು ಆ ಬೆರಳನ್ನು ಕೆಳಗೆ ಒತ್ತಿದಂತಾಯಿತು. ಒತ್ತಿದರೆ ಅವಳ ಕಾಲು ಎಲ್ಲಿತ್ತು ಎಂದು ಹೇಳಲು ಈ ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ಅವಳೊಳಗೂ ಉಳಿಯುವುದಿಲ್ಲ. ಅದಾಗಲೇ ಅರ್ಧ ಅಳಿಸಿಹೋಗಿದೆ.

ಬೆರಳು ತೆಗೆದ. ಪರದೆಯ ಫೋಟೋ ತೆಗೆದುಕೊಂಡ. ಮುದ್ರಣದಂಗಡಿಗೆ ಹೋಗಿ ಎರಡು ಪ್ರತಿ ಮಾಡಿಸಿದ. ಒಂದನ್ನು, ಕೈಯಾರೆ ಬರೆದ ವರದಿಯ ಜೊತೆ, ಲಕೋಟೆಗೆ ಹಾಕಿದ. ಇನ್ನೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ವಿಳಾಸ ಕೇಳಿಕೊಂಡು ನರ್ಸಿನ ಮನೆಗೆ ನಡೆದ.

ಬಾಗಿಲು ತೆರೆದದ್ದು ಗಂಡ. ಒಳಗೆ ಕಿಟಕಿಯ ಬಳಿ ಬಿಳಿಯ ಕಟ್ಟು ಹಾಕಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ನರ್ಸ್ ಕೂತಿದ್ದಳು. ಎದುರು ಗೋಡೆಗೆ ಒರಗಿ ಅವಳ ಅತ್ತೆ. ಇಬ್ಬರ ನಡುವೆ ಒಂದು ಇಡೀ ಕೋಣೆಯಷ್ಟು ಜಾಗ. ಕೂತುಕೊಳ್ಳಿ ಎಂದು ಗಂಡ ಹೇಳಿದ. ಡಾಕ್ಟರ್ ಕೂರಲಿಲ್ಲ.

"ನಿಂತೇ ಹೇಳ್ತೀನಿ. ಕೂತರೆ ಹೇಳೋಕಾಗಲ್ಲ."

ಹೇಳಿದ. ಕಾರು ಬಂದದ್ದು, ಕೋಡ್ ಕಂಡದ್ದು, ಸೆನ್ಸರ್ ಸವೆದಿದೆ ಎಂದು ತಾನು ಕಣ್ಣಾರೆ ನೋಡಿದ್ದು, ದೀಪ ಆರಿಸಿದ್ದು. ಎಂಜಿನ್ ಗಟ್ಟಿ ಇದೆ ಎಂದದ್ದು. ಒಂದನ್ನೂ ಬಿಡಲಿಲ್ಲ. ಹೇಳುವಾಗ ತನ್ನ ಸ್ವರ ಬೇರೆ ಯಾರದೋ ಎಂಬಂತೆ ಅವನಿಗೇ ಕೇಳಿಸುತ್ತಿತ್ತು.

ಮೊದಲು ಮಾತಾಡಿದವಳು ಅತ್ತೆ. "ಅವತ್ತು ನೀನು ಬಾಯಿ ಬಿಟ್ಟು ಹೇಳಿದ್ದರೆ?"

"ಇವರು ಗಾಡಿ ತಗೋತಾ ಇರಲಿಲ್ಲ."

"ನನ್ನ ಮಗಳು?"

"ಇರ್ತಾ ಇದ್ದರು ಅಮ್ಮ."

ಮುದುಕಿ ಅಳಲಿಲ್ಲ, ಬೈಯಲಿಲ್ಲ. ಎರಡು ಕೈಯನ್ನೂ ನೆಲಕ್ಕೆ ಊರಿ, ಬೀಳುವವಳಂತೆ ಹಾಗೇ ಕೂತಳು. ಗಂಡ ಎದ್ದು ಬಂದು ಡಾಕ್ಟರನ ಕೊರಳಪಟ್ಟಿ ಹಿಡಿದ. ಹೊಡೆಯಲು ಎತ್ತಿದ ಇನ್ನೊಂದು ಕೈ ಗಾಳಿಯಲ್ಲೇ ನಿಂತಿತು, ಯಾಕೆಂದರೆ ನರ್ಸ್ ಮಾತಾಡಿದಳು.

"ಬಿಡಿ ಅವರನ್ನ. ನಾನು ಕೇಳೋದಿದೆ." ಅವಳ ಸ್ವರ ಒಣಗಿತ್ತು. "ನನ್ನ ಕಾಲು ಎಲ್ಲಿತ್ತು?"

ಡಾಕ್ಟರ್ ಜೇಬಿನ ಕಾಗದ ಬಿಡಿಸಿ ಅವಳ ಮುಂದೆ ಹಿಡಿದ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

"ಇದು ಬ್ರೇಕ್. ನೀವು ಮುಟ್ಟಿಲ್ಲ. ಇದು ಆಕ್ಸಿಲರೇಟರ್. ನೂರಕ್ಕೆ ತೊಂಬತ್ತನಾಲ್ಕು. ಅದಕ್ಕಿಂತ ಕೆಳಗೆ ಯಾರ ಕಾಲೂ ಹೋಗಲ್ಲ ತಾಯಿ. ನೀವು ಹೇಳಿದ್ದು ನಿಜ. ತುಳಿದಿದ್ದೀರಿ. ಗಾಡಿ ಹೋಗಿಲ್ಲ."

ಅವಳು ಆ ಸಾಲನ್ನು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಬಾಯಿ ಸದ್ದಿಲ್ಲದೆ ಆ ಅಂಕಿಯನ್ನು ಉಚ್ಚರಿಸಿತು. ಆಮೇಲೆ ಕಾಗದವನ್ನು ಗಂಡನ ಕೈಗೆ ಕೊಟ್ಟಳು. ಅವನು ಓದಿ ತಲೆ ತಗ್ಗಿಸಿದ. ಅವಳು ಅವನನ್ನು ನೋಡಲಿಲ್ಲ.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ," ಎಂದ ಡಾಕ್ಟರ್.

"ಕೇಳಬೇಡಿ," ಎಂದಳು ಅವಳು. "ನನ್ನ ಹತ್ತಿರ ಇಲ್ಲ ಅದು." ಕುರ್ಚಿಯ ಹಿಡಿ ಹಿಡಿದು ಎದ್ದಳು. "ಇಲ್ಲಿ ಹೇಳಿದ್ದನ್ನ ಸ್ಟೇಷನ್ನಿನಲ್ಲೂ ಹೇಳ್ತೀರಾ?"

"ಅಲ್ಲಿಗೇ ಹೊರಟಿದ್ದೆ. ಮೊದಲು ನಿಮಗೆ ಗೊತ್ತಾಗಲಿ ಅನ್ನಿಸಿತು."

"ನಡೀರಿ ಹಾಗಾದರೆ. ನನ್ನ ಕಿವಿಯಿಂದ ಕೇಳಬೇಕು ನಾನು."

ಗಂಡ ಚಪ್ಪಲಿ ಹಾಕಿಕೊಳ್ಳಲು ಹೋದ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಎದ್ದು, "ತಡಿಯೇ," ಎಂದಳು. ಸೊಸೆಯೊಡನೆ ಮಾತಾಡಿ ಅದೆಷ್ಟು ದಿನವಾಗಿತ್ತೋ. ಮುಂದೆ ಏನು ಹೇಳಬೇಕೋ ಅವಳಿಗೂ ತಿಳಿದಂತಿರಲಿಲ್ಲ. "ನಾನೂ ಬರ್ತೀನಿ."

*

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಕನ್ನಡಕದ ದಪ್ಪ ಗಾಜಿನ ಹಿಂದಿನಿಂದ ನಾಲ್ವರನ್ನೂ ನೋಡಿ, ವರದಿ ಕೊಡೋಕೆ ಇಷ್ಟೊಂದು ಜನ ಯಾಕೆ ಎಂದ. ಲಕೋಟೆ ತೆರೆದು ಓದುತ್ತಾ ಹೋದಂತೆ ಅವನ ಮುಖ ಬದಲಾಯಿತು. ಒಳಗೆ ಹೋಗಿ ಸಾಹೇಬರ ಜೊತೆ ಮಾತಾಡಿ ಬಂದು ಬಿಳಿ ಹಾಳೆ ತೆಗೆದ.

"ಯೋಚನೆ ಮಾಡಿದೀಯೇನಪ್ಪ? ಬರೆದು ಸಹಿ ಹಾಕಿದ ಮೇಲೆ ನೀನು ಸಾಕ್ಷಿ ಅಲ್ಲ, ಆರೋಪಿ. ಇವತ್ತು ಮನೆಗೆ ಹೋಗೋದು ನಮ್ಮ ಕೈಲಿಲ್ಲ."

"ಗೊತ್ತು ಸರ್. ಮನೆಯಲ್ಲೂ ಗೊತ್ತಿದೆ."

ಸಾಹುಕಾರನ ಹೆಸರು ಹೇಳುವಾಗ ಮಾತ್ರ ಅವನ ಸ್ವರ ಒಂದು ಸಲ ತಡವರಿಸಿತು. ಆದರೂ ಹೇಳಿದ. ಹಿಂದೆ ಬೇರೆ ಗಾಡಿಗಳಿಗೂ ಹೀಗೆ ಮಾಡಿದ್ದೀಯಾ ಎಂದು ರೈಟರ್ ಕೇಳಿದಾಗ ಹೌದು ಎಂದ. ಎಷ್ಟು ಎಂದರೆ ಲೆಕ್ಕ ಇಟ್ಟಿಲ್ಲ ಎಂದ. ಅವುಗಳಲ್ಲಿ ಯಾವುದು ಈಗ ಯಾವ ರಸ್ತೆಯಲ್ಲಿದೆಯೋ, ಒಳಗೆ ಯಾರು ಕೂತಿದ್ದಾರೋ ಎಂಬುದು ಹೇಳುತ್ತಿದ್ದಂತೆಯೇ ಅವನ ತಲೆಗೆ ಬಂತು. "ನೆನಪಿರೋ ನಂಬರೆಲ್ಲ ಬರೆದುಕೊಡ್ತೀನಿ ಸರ್. ಅವರಿಗೆಲ್ಲ ಯಾರಾದರೂ ಹೇಳಬೇಕು."

ಗೋಡೆಯ ಪಕ್ಕದ ಬೆಂಚಿನ ಮೇಲೆ ಅತ್ತೆ ಸೊಸೆ ಕೂತಿದ್ದರು. ಗಂಡ ಬಾಗಿಲ ಬಳಿ ನಿಂತಿದ್ದ. ಒಳಗೆ ಬರುವವರು ಹೋಗುವವರು ಕಟ್ಟು ಹಾಕಿದ ಕೈಯನ್ನು ತಾಗಿಸಿಬಿಡುತ್ತಾರೆಂದು ಮುದುಕಿ ಎದ್ದು, ಸೊಸೆಯ ಆ ಬದಿಗೆ ಬಂದು ಕೂತಳು.

ಮೂರು ಪುಟ ತುಂಬಿದ ಮೇಲೆ ರೈಟರ್ ಕನ್ನಡಕ ಸರಿಮಾಡಿಕೊಂಡು, ನಿಯಮದಂತೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ. ಎಷ್ಟೋ ವರ್ಷದಿಂದ ಪಳಗಿದ ಕೈ, ಕಚೇರಿಯ ಭಾಷೆ. "ಸದರಿ ವಾಹನವನ್ನು ಪರೀಕ್ಷಿಸಲಾಗಿ, ಥ್ರಾಟಲ್ ಭಾಗದಲ್ಲಿ ದೋಷ ಇರುವುದು ಕಂಡುಬಂದಿದ್ದು, ದೋಷವನ್ನು ಸರಿಪಡಿಸದೆ ಸದರಿ ಕೋಡನ್ನು ಅಳಿಸಲಾಗಿದೆ. ನಂತರ ವಾಹನವು ಸುಸ್ಥಿತಿಯಲ್ಲಿದೆ ಎಂದು ತಿಳಿಸಲಾಗಿದೆ..." ಕೊನೆಯ ತನಕ ಓದಿ, ಹಾಳೆಯನ್ನು ಅವನತ್ತ ತಿರುಗಿಸಿ, ಪೆನ್ನು ಕೊಟ್ಟ. "ಸರಿಯಾಗಿದೆ ತಾನೆ? ತಿದ್ದೋದೇನಾದರೂ ಇದ್ದರೆ ಈಗಲೇ ಹೇಳು."

"ಒಂದಿದೆ ಸರ್."

"ಏನು?"

ಡಾಕ್ಟರ್ ಎರಡನೆಯ ಪುಟದ ಮೇಲೆ ಬೆರಳಿಟ್ಟ. "ಇಲ್ಲಿ ಅಳಿಸಲಾಗಿದೆ ಅಂತ ಬರೆದಿದ್ದೀರಿ. ನಾನು ಅಳಿಸಿದೆ ಅಂತ ಬರೀರಿ. ಇಲ್ಲೂ, ತಿಳಿಸಲಾಗಿದೆ ಬೇಡ. ನಾನು ಹೇಳಿದೆ ಅಂತ ಇರಲಿ."

"ಎರಡೂ ಒಂದೇ ಅಲ್ವೇನಯ್ಯ?"

"ಒಂದೇ ಅಲ್ಲ ಸರ್."

ರೈಟರ್ ಅವನ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ಹಾಳೆಯನ್ನು ತನ್ನತ್ತ ಎಳೆದುಕೊಂಡು, ಆ ಎರಡು ಪದಗಳ ಮೇಲೆ ಗೆರೆ ಎಳೆದು, ಮೇಲುಗಡೆ ಇದ್ದ ಸಣ್ಣ ಜಾಗದಲ್ಲಿ ಅವನು ಹೇಳಿದಂತೆಯೇ ಬರೆದ. ತಿದ್ದಿದ ಕಡೆ ಚಿಕ್ಕ ರುಜು ಬೇಕು ಎಂದ.

ಡಾಕ್ಟರ್ ಬಗ್ಗಿ ರುಜು ಹಾಕಿದ.